ಒಂದು ಗೇಣು ತಗ್ಗು

ಚಿಕ್ಕಮ್ಮ ಖಾಲಿ ಲೋಟವನ್ನು ದರ್ಜಿಯ ಕೈಗೇ ವಾಪಸು ತುರುಕಿ ಅಡುಗೆಮನೆಯ ಕಡೆ ಬೆರಳು ತೋರಿಸುತ್ತಿದ್ದಳು.

“ಕುಡಿದೋರೇ ತೊಳೆದಿಡಿ. ತೊಳೆಯೋಳನ್ನ ಈಗಷ್ಟೇ ಮಣ್ಣು ಮಾಡಿ ಬಂದ್ರಲ್ಲ, ಅಷ್ಟು ಬೇಗ ಮರ್ತೋಯ್ತಾ?”

ಪಕ್ಕದ ಮನೆಯ ದರ್ಜಿ ಬೆಂಬಲಕ್ಕಾಗಿ ಸುತ್ತ ನೋಡಿದ. ನಡುಮನೆಯ ತುಂಬ ಜನರಿದ್ದರು. ಎಲ್ಲರ ಕೈಯಲ್ಲೂ ಚಹಾದ ಲೋಟವಿತ್ತು. ಚಿಕ್ಕಮ್ಮನ ಮಾತು ಕೇಳಿದ್ದೇ ತಡ, ಎಲ್ಲರ ಲೋಟದ ತಳದಲ್ಲೂ ಇನ್ನೊಂದು ಗುಟುಕು ಹುಟ್ಟಿಕೊಂಡಿತು. ಹೀರಿದ್ದನ್ನೇ ಹೀರುತ್ತ ಕೂತರು. ಪಾಪದವನು ದರ್ಜಿ, ಎದ್ದು ಒಳಗೆ ಹೋದ.

ಹೊರಗೆ ಬಂದಾಗ ಅವನ ಅಂಗಿಯ ಮುಂಭಾಗ, ಸರಿಯಾಗಿ ಹೊಟ್ಟೆಯ ಜಾಗದಲ್ಲಿ, ತಟ್ಟೆಯಗಲ ಒದ್ದೆಯಾಗಿತ್ತು. ಟೀಪಾಯಿಯ ಮೇಲಿದ್ದ ಪೇಪರನ್ನು ಓದಲಿಕ್ಕೆಂಬಂತೆ ಎತ್ತಿಕೊಂಡು ಹೊಟ್ಟೆಗೆ ಹಿಡಿದು ನಿಂತ. ಅವನ ಹಿಂದೆ ಹೋದ ಅಪ್ಪನ ಹಳೆಯ ಸಹೋದ್ಯೋಗಿ ಬರುವಾಗ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದ. ಮೂರನೆಯವನಿಗೆ ವಯಸ್ಸಾಗಿತ್ತು. ಬೇರೇನಾದರೂ ಅಂದುಕೊಂಡಾರು ಎಂದು ಹೆದರಿ, “ನೀರು, ನೀರು, ನಲ್ಲಿ ನೀರು” ಎಂದು ಎಲ್ಲರಿಗೂ ಹೇಳುತ್ತಲೇ ಹೋಗಿ ಕೂತ. ಸಾವಿನ ಮನೆಯಿಂದ ಜನ ಕಣ್ಣು ಒದ್ದೆ ಮಾಡಿಕೊಂಡು ಹೋಗುವುದು ಲೋಕರೂಢಿ. ಈ ಮನೆಯಿಂದ ಹೊಟ್ಟೆ ಒದ್ದೆ ಮಾಡಿಕೊಂಡು ಹೊರಡುತ್ತಿದ್ದರು.

ಅಪ್ಪ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮೂವತ್ತು ವರ್ಷ ಕಟ್ಟಡ ಇಲಾಖೆಯಲ್ಲಿ ಮೇಲ್ವಿಚಾರಕನಾಗಿ ಜನರ ಗೋಡೆಗಳ ಮೇಲೆ ರಸಮಟ್ಟ ಇಟ್ಟು ತಪ್ಪು ಹುಡುಕಿದವನು. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಅತ್ತಿತ್ತ ಓಡುವ ಆ ಕೋಲು ಸದಾ ಕಂಕುಳಲ್ಲಿರುತ್ತಿದ್ದುದರಿಂದ ಇಲಾಖೆಯಲ್ಲಿ ಅವನಿಗೆ ‘ರಸಮಟ್ಟ’ ಎಂದೇ ಹೆಸರು. ಅದನ್ನು ಅವನು ಬಿರುದು ಎಂದುಕೊಂಡಿದ್ದ.

“ಒಂದೇ ಒಂದು ಕೊರತೆ ಮಾಡಿರಲಿಲ್ಲ ಅವಳಿಗೆ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. “ಅಡುಗೆಮನೆ ನೋಡಿದ್ರಲ್ಲ? ಈ ತುದಿಯಿಂದ ಆ ತುದಿಗೆ ಒಂದೇ ಕಲ್ಲು. ಎಲ್ಲೂ ಜೋಡಣೆ ಇಲ್ಲ. ಇವತ್ತಿಗೂ ಮುಖ ಕಾಣತ್ತೆ.”

“ಕಾಣತ್ತೆ, ಕಾಣತ್ತೆ,” ಎಂದ ಕೋಟಿನವನು, ಕೋಟನ್ನು ಬಿಗಿಹಿಡಿದು. “ಪುಣ್ಯವಂತೆ. ಎಲ್ಲಿದ್ರೂ ಆಯಮ್ಮನ ಹೊಟ್ಟೆ ತಣ್ಣಗಿರಲಿ.”

“ತಣ್ಣಗೇ ಇತ್ತು,” ಎಂದಳು ಮಗಳು. “ಆ ಕಲ್ಲು ಬಂದಾಗಿನಿಂದ ಒಂದು ದಿನವೂ ಬೆಚ್ಚಗಾಗಲಿಲ್ಲ.”

ಕೋಟಿನವನು ಖಾಲಿ ಕೈಯನ್ನು ಬಾಯಿಯ ಹತ್ತಿರ ಒಯ್ದ. ಲೋಟ ಕೈಯಲ್ಲಿದ್ದಿದ್ದರೆ ಇನ್ನೊಮ್ಮೆ ಹೀರಬಹುದಿತ್ತು, ತೊಳೆದಿಟ್ಟು ಬಂದುಬಿಟ್ಟಿದ್ದ.

ಮಗಳು ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಕೊರಿಯರ್ ಗೋದಾಮಿನಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿದ್ದಳು. ಅಪ್ಪನ ಎತ್ತರ, ಅಪ್ಪನ ದವಡೆ. ಬೆಳಗ್ಗೆ ಅಮ್ಮನಿಗೆ ಕೊನೆಯದಾಗಿ ಉಡಿಸಲು ಬಟ್ಟೆ ಹುಡುಕುತ್ತ ಕಪಾಟು ತೆಗೆದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಿದ್ದಳು. ಹಸಿರು, ನೀಲಿ, ಹೂವಿನದು, ಗೆರೆಯದು, ಎಲ್ಲ ಬಟ್ಟೆಗಳೂ ಹೊಟ್ಟೆಯ ಜಾಗದಲ್ಲಿ ಬಣ್ಣ ಕಳೆದುಕೊಂಡು ಬಿಳಿಚಿದ್ದವು. ಯಾರೋ ಒಂದೇ ಅಚ್ಚಿನಿಂದ ಒತ್ತಿದ ಹಾಗೆ. ಕಲೆ ಇಲ್ಲದ್ದು ಒಂದೂ ಸಿಗಲಿಲ್ಲ. ಕೊನೆಗೆ ತನ್ನದೇ ಒಂದನ್ನು ಉಡಿಸಿದಳು. ಅದು ಅಮ್ಮನಿಗೆ ಉದ್ದವಾಗಿ ಕಾಲು ಮುಚ್ಚಿತು. “ಪರವಾಗಿಲ್ಲ, ಇನ್ನು ಎಡವಲ್ಲವಲ್ಲ,” ಎಂದಿದ್ದಳು ಚಿಕ್ಕಮ್ಮ, ಅಳುತ್ತ.

ಆ ದಿನ ಅಪ್ಪನ ನಿವೃತ್ತರ ಸಂಘ ಜಲಪಾತಕ್ಕೆ ಪ್ರವಾಸ ಹೊರಡಬೇಕಿತ್ತು. ಗೊತ್ತು ಮಾಡಿದ್ದ ಬಸ್ಸು ಹಾಳಾಗಬಾರದಲ್ಲ? ಸದಸ್ಯರೆಲ್ಲ ಅದರಲ್ಲೇ ಸ್ಮಶಾನಕ್ಕೆ ಬಂದರು, ಒಂದೊಂದು ಹಿಡಿ ಮಣ್ಣು ಹಾಕಿದರು, ಅಪ್ಪನ ಕೈ ಹಿಡಿದು ನಿಟ್ಟುಸಿರಿಟ್ಟರು, ಮತ್ತೆ ಬಸ್ಸು ಹತ್ತಿ ಜಲಪಾತಕ್ಕೆ ಹೋದರು. ಕಿಟಕಿಯಿಂದ ಒಬ್ಬ ಟೋಪಿ ಬೀಸಿದ ಕೂಡ. ಉಳಿದುಕೊಂಡವರು ಕೋಟಿನವನ ಹಾಗೆ ಬಸ್ಸಿನಲ್ಲಿ ವಾಂತಿಯಾಗುವವರು.

“ಅವಳಿಗೆ ಮೊದಲಿಂದ್ಲೂ ನೀರಿನ ಕೈ ಜಾಸ್ತಿ,” ಅಪ್ಪ ಇನ್ನಾರಿಗೋ ವಿವರಿಸುತ್ತಿದ್ದ. “ಕಲ್ಲಿಂದೇನೂ ತಪ್ಪಿಲ್ಲ. ನಾನೇ ನಿಂತು ಹಾಕಿಸಿದ್ದು.”

*

ಆ ಕಲ್ಲನ್ನು ಆರಿಸಲು ಮನೆಮಂದಿಯೆಲ್ಲ ಹೋಗಿದ್ದರು. ಮಗಳು ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು, ಅಣ್ಣನಿಗೆ ಮೀಸೆ ಚಿಗುರುತ್ತಿತ್ತು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದರು. ಚೀಲಗಳನ್ನು ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು.

ಶೋರೂಮಿನಲ್ಲಿ ಸಾಲಾಗಿ ಸುಳ್ಳು ಅಡುಗೆಮನೆಗಳಿದ್ದವು. ಹೊಗೆ ಬಾರದ ಒಲೆ, ನೀರು ಬಾರದ ನಲ್ಲಿ, ಪ್ಲಾಸ್ಟಿಕ್ಕಿನ ಸೇಬು. ಅಮ್ಮ ಒಂದು ಮೂಲೆಯಲ್ಲಿ ಬೂದುಬಣ್ಣದ ಒರಟು ಕಲ್ಲಿನ ಮುಂದೆ ನಿಂತಳು. ಅದರ ಮುಂದಿನ ಅಂಚು ಬೆರಳಗಲ ಏರಿಕೊಂಡಿತ್ತು, ತಟ್ಟೆಯ ಕಂಠದ ಹಾಗೆ. ಅವಳು ಅದರ ಮೇಲೆ ಹೆಬ್ಬೆರಳು ಎಳೆದು ನೋಡಿದಳು.

“ಅದು ಬಟ್ಟೆ ಒಗೆಯೋ ಕಲ್ಲು,” ಎಂದ ಅಪ್ಪ. “ಬಾ ಈಕಡೆ.”

ಈಕಡೆ ಇದ್ದದ್ದು ಕಪ್ಪು ಕಲ್ಲು. ಕೊಳದ ಹಾಗೆ ಹೊಳೆಯುತ್ತಿತ್ತು. ಅಂಚು ಎಲ್ಲೂ ತಡೆಯಿಲ್ಲದೆ ಕುದುರೆಯ ಬೆನ್ನಿನಂತೆ ದುಂಡಗೆ ಇಳಿದಿತ್ತು. ಅಣ್ಣ ಅದರಲ್ಲಿ ತನ್ನ ಮೀಸೆ ನೋಡಿಕೊಂಡು, “ಇದೇ ಇರ್ಲಿ ಅಪ್ಪ,” ಎಂದ. ಅಪ್ಪ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತ. ಎತ್ತರ ಪರೀಕ್ಷಿಸಬೇಕಲ್ಲ? ಇಲ್ಲದ ತಟ್ಟೆಯನ್ನು, ಇಲ್ಲದ ನೀರಿನಲ್ಲಿ, ಇಲ್ಲದ ಅನುಭವದಿಂದ ತೊಳೆದ. ಬೆನ್ನು ಬಗ್ಗಲಿಲ್ಲ, ಬಹಳ ಸಂತೋಷವಾಯಿತು.

“ನಿಮ್ಮ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿದೆ ಸಾರ್,” ಎಂದ ಅಂಗಡಿಯವನು. ಮಾತು ಮುಗಿಸಿದ ಮೇಲೆ ಚೀಲಗಳ ನಡುವೆ ಅವನ ಕಣ್ಣಿಗೆ ಅಮ್ಮ ಬಿದ್ದಳು. ಅವಳ ತಲೆ ಅಪ್ಪನ ಎದೆಯ ಜೇಬಿನವರೆಗೂ ಬರುತ್ತಿರಲಿಲ್ಲ. “ಮೇಡಮ್‌ಗೆ...?”

“ಅವಳು ಹೊಂದ್ಕೋತಾಳೆ.”

ಕಲ್ಲು ಕೂರಿಸುವ ದಿನ ಅಪ್ಪ ರಜೆ ಹಾಕಿದ. ಕೆಲಸದವರು ಕಲ್ಲನ್ನು ಸಿಂಕಿನ ಕಡೆಗೆ ಒಂದಿಷ್ಟು ಇಳಿಸಿ ಕೂರಿಸಿದ್ದರು. ನೀರು ಹರಿದುಹೋಗಲೆಂದು ಎಲ್ಲ ಕಡೆಯೂ ಕೊಡುವ ಇಳಿಜಾರು. ಅಪ್ಪ ರಸಮಟ್ಟ ಇಟ್ಟ. ಗುಳ್ಳೆ ನಡುವೆ ನಿಲ್ಲದೆ ಪಕ್ಕಕ್ಕೆ ಜಾರಿತು. ಅವನ ಮುಖ, ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ಕೆಂಪು ಶಾಯಿ ಕಂಡಾಗ ಆಗುತ್ತಿದ್ದ ಹಾಗಾಯಿತು.

“ಏನ್ರಯ್ಯಾ ಇದು ಸೊಟ್ಟ? ಎತ್ತಿ, ಎತ್ತಿ.”

“ಸ್ವಲ್ಪ ಸಿಂಕಿನ ಕಡೆ ವಾಟ ಇದ್ರೆ ಒಳ್ಳೇದಲ್ವಾ?” ಎಂದು ಅಮ್ಮ ಬಾಗಿಲಿಂದ ಕೇಳಿದಳು. “ನೀರು ತಾನೇ ಹೋಗತ್ತೆ.”

“ವಾಟ ಬೇಕಾಗಿರೋದು ಬಚ್ಚಲಿಗೆ. ಇದು ಅಡುಗೆಮನೆ. ಮಟ್ಟ ಅಂದ್ರೆ ಮಟ್ಟ.”

ಕೆಲಸದವರಿಗೇನು? ಯಜಮಾನರು ಮಟ್ಟ ಅಂದರೆ ಮಟ್ಟ, ಬೆಟ್ಟ ಅಂದರೆ ಬೆಟ್ಟ. ಕಲ್ಲನ್ನು ಎತ್ತಿ, ಗುಳ್ಳೆ ನಟ್ಟನಡುವೆ ಬರುವವರೆಗೆ ಕೆಳಗೆ ಚೂರು ತುರುಕಿ, ಅಂಟಿಸಿ ಹೋದರು. ಹೀಗೆ ಆ ಮನೆಗೆ ಊರಲ್ಲೇ ಅತಿ ಸಮತಟ್ಟಾದ ಅಡುಗೆಕಟ್ಟೆ ಬಂತು. ಅದರ ಮೇಲೆ ಬಿದ್ದ ನೀರಿಗೆ ಎತ್ತ ಹೋಗಬೇಕೆಂದು ತಿಳಿಯದೆ, ಸ್ವಲ್ಪ ಹೊತ್ತು ಯೋಚಿಸಿ, ದುಂಡನೆಯ ಅಂಚಿನಿಂದ ನಯವಾಗಿ ಇಳಿದು, ಮುಂದೆ ನಿಂತವರ ಹೊಟ್ಟೆ ಸೇರುತ್ತಿತ್ತು.

ಮೊದಲ ದಿನವೇ ಅಮ್ಮ ಒದ್ದೆಯಾದಳು. “ನೀನು ಪಾತ್ರೆ ತೊಳೀತೀಯೋ ಕುಸ್ತಿ ಆಡ್ತೀಯೋ?” ಎಂದ ಅಪ್ಪ. ಕೈ ನಿಲುಕಲೆಂದು ಅವಳು ಕಾಲಡಿಗೆ ಒಂದು ಹಲಗೆ ಹಾಕಿಕೊಂಡಳು. ಒಂದು ಬೆಳಗ್ಗೆ ಅಪ್ಪ ಅದನ್ನು ಎಡವಿದ; ಸಂಜೆಯೊಳಗೆ ಹಲಗೆ ಗುಜರಿಗೆ ಹೋಯಿತು. ಅಲ್ಲಿಂದ ಅಮ್ಮ ತುದಿಗಾಲಲ್ಲಿ ನಿಂತು, ಮೊಣಕೈ ಮೇಲೆತ್ತಿ, ಹೊಟ್ಟೆಗೆ ಟವೆಲು ಸಿಕ್ಕಿಸಿಕೊಂಡು ತೊಳೆದಳು. ಟವೆಲು ನೆನೆದರೆ ಅದರ ಮೇಲೆ ಇನ್ನೊಂದು. ಭುಜ ನೋವು ಬಂತು. ಹೊಟ್ಟೆಯ ಚರ್ಮ ಕೆಂಪಾಗಿ ತುರಿಕೆ ಹತ್ತಿತು. ಒದ್ದೆ ಬಟ್ಟೆಯಲ್ಲಿ ಇರಬೇಡಿ ಎಂದರು ಡಾಕ್ಟರು.

“ಡಾಕ್ಟರೇ ಹೇಳಿದ್ದಾರಲ್ಲ,” ಎಂದ ಅಪ್ಪ, ಮನೆಗೆ ಬಂದು. “ಇರಬೇಡ ಮತ್ತೆ.”

*

ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಒಂದು ಸಣ್ಣ ಲಾರಿ ಬಂದು ನಿಂತಿತು. ಹುಬ್ಬಿನವರೆಗೂ ಕಲ್ಲುಪುಡಿ ಮೆತ್ತಿಕೊಂಡ ಒಬ್ಬ ದಪ್ಪನೆಯ ಆಸಾಮಿ ಇಳಿದು, ಬೆತ್ತದ ಕುರ್ಚಿಯ ಹತ್ತಿರ ಬಂದ.

“ಅಮ್ಮೋರನ್ನ ಕರೀರಿ ಸ್ವಲ್ಪ. ಕಲ್ಲು ಬಂತು ಅನ್ನಿ. ಬೆಳಗ್ಗೆನೇ ಬರಬೇಕಿತ್ತು, ಟೈರು ಪಂಚರ್ ಆಯ್ತು. ಯಜಮಾನ್ರು ಇವತ್ತು ಮನೇಲಿರಲ್ಲ, ಅವರು ವಾಪಸ್ ಬರೋದ್ರೊಳಗೆ ಮುಗಿಸಿಬಿಡಿ ಅಂದಿದ್ರು. ಮುಗಿಸ್ತೀವಿ, ಹೆದರಬೇಡಿ ಅನ್ನಿ.”

“ನಾನೇ ಯಜಮಾನ,” ಎಂದ ಅಪ್ಪ.

ಕಲ್ಲಿನವನು ಅಪ್ಪನನ್ನು ನೋಡಿದ. ಹಿಂದೆ ಸಾಲುಗಟ್ಟಿ ಕೂತ ಜನರನ್ನು ನೋಡಿದ. “ಏನು, ಮನೇಲಿ ಏನಾದ್ರೂ ಸಮಾರಂಭನಾ?”

“ಹೂಂ,” ಎಂದಳು ಚಿಕ್ಕಮ್ಮ ಒಳಗಿಂದ ಬರುತ್ತ. “ಇರಲ್ಲ ಅಂದೋರು ಇದ್ದಾರೆ. ಇರ್ತೀನಿ ಅಂದೋಳು ಇಲ್ಲ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ತಲೆಯ ಮೇಲಿದ್ದ ಬಟ್ಟೆ ತೆಗೆದ. ಅದರಡಿಯಲ್ಲಿ ಮಾತ್ರ ಕೂದಲು ಕಪ್ಪಗಿತ್ತು.

“ಯಾವಾಗ?”

“ನಿನ್ನೆ ಬೆಳಗ್ಗೆ. ಇವರ ಅಂಗಿಗಳಿಗೆ ಗುಂಡಿ ಹಾಕ್ತಾ ಕೂತಿದ್ಲು,” ಎಂದು ಚಿಕ್ಕಮ್ಮ ದರ್ಜಿಯ ಕಡೆ ತಲೆ ಆಡಿಸಿದಳು. “ಸೂಜಿ ಕೈಯಲ್ಲಿ ಹಾಗೇ ಇತ್ತು. ಗೋಡೆಗೆ ಒರಗಿದ್ದಾಳೆ ಅಂದ್ಕೊಂಡೆವು.”

“ಮೊನ್ನೆ ಫೋನ್ ಮಾಡಿದ್ರಲ್ಲಮ್ಮಾ. ಅಂಚು ಮರೀಬೇಡ, ಅಂಚು ಮರೀಬೇಡ ಅಂತ ಪ್ರಾಣ ತಿಂದ್ರು...” ಎಂದವನು ನಾಲಿಗೆ ಕಚ್ಚಿಕೊಂಡ.

ಅಪ್ಪ ಎದ್ದು ನಿಂತಿದ್ದ. “ಯಾವ ಕಲ್ಲು? ಯಾರು ಹೇಳಿದ್ದು? ನನ್ನ ಮನೆಗೆ ನನ್ನನ್ನ ಕೇಳದೆ ಕಲ್ಲು ಬರೋದು ಅಂದ್ರೇನು?” ಚಿಕ್ಕಮ್ಮನ ಕಡೆ ತಿರುಗಿದ. “ನಿನಗೆ ಗೊತ್ತಿತ್ತಾ ಇದು?”

“ನನ್ನನ್ಯಾಕೆ ನೋಡ್ತೀರಾ ಭಾವ? ಲಾರಿ ನೋಡಿ. ಅಕ್ಕ ಒಂದೇ ಒಂದು ಸಲ ನಿಮಗೆ ಹೇಳದೆ ಒಂದು ಕೆಲಸ ಮಾಡಿದ್ಲು. ಅದೂ ನಿಮ್ಮ ಕಣ್ಣೆದುರಿಗೇ ಬಂದು ನಿಂತಿದೆ. ಅವಳ ಹಣೆಬರಹ ನೋಡಿ.”

ಮಗಳು ಬೀದಿಗಿಳಿದು ಲಾರಿಯ ಹಿಂದಿನ ಪರದೆ ಎತ್ತಿದಳು. ಒಣಹುಲ್ಲಿನ ಮೇಲೆ ಬೂದುಬಣ್ಣದ ಒಂದು ಕಲ್ಲು ಮಲಗಿತ್ತು. ಒರಟು. ಮುಂದಿನ ಅಂಚು ಬೆರಳಗಲ ಏರಿತ್ತು. ಪಕ್ಕದಲ್ಲಿ ಸಿಂಕು, ಅಗಲವಾದದ್ದು, ದೊಡ್ಡ ಪಾತ್ರೆಯೂ ಮಲಗುವಂಥದ್ದು. ಅದರ ಪಕ್ಕದಲ್ಲಿ ಉಕ್ಕಿನ ಕಾಲುಗಳು. ಎಷ್ಟು ಗಿಡ್ಡ ಕಾಲುಗಳು! ಮಕ್ಕಳ ಆಟದ ಮೇಜಿಗೆ ಹಾಕುವಂತೆ. ಮಗಳು ಒಂದು ಕಾಲನ್ನು ಎತ್ತಿ ತನ್ನ ಪಕ್ಕ ನಿಲ್ಲಿಸಿ ನೋಡಿದಳು. ಹಳೆಯ ಕಟ್ಟೆಗಿಂತ ಪೂರ್ತಿ ಒಂದು ಗೇಣು ತಗ್ಗು.

ಅಳು ಆಗ ಬರಬೇಕಿತ್ತು. ಬಂದದ್ದು ಸಿಟ್ಟು.

*

ಕಲ್ಲಿನ ಅಂಗಳಕ್ಕೆ ಹೋದದ್ದು ಅಕ್ಕತಂಗಿ ಇಬ್ಬರೇ. ಗುಂಡಿ ಹಾಕಿ ಕೂಡಿಸಿದ ದುಡ್ಡು ಅಮ್ಮನ ರವಿಕೆಯೊಳಗಿತ್ತು, ನೀರಿನ ಬಾಟಲಿ ಕೈಯಲ್ಲಿತ್ತು.

ಅಂಗಳದಲ್ಲಿ ಕಲ್ಲುಗಳು ಪುಸ್ತಕಗಳ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಕೆಲವು ಮೇಜಿನ ಮೇಲೆ ಮಲಗಿದ್ದವು. ಅಮ್ಮ ಮಲಗಿದ ಪ್ರತಿಯೊಂದರ ಮೇಲೂ ಬಾಟಲಿಯಿಂದ ಒಂದಿಷ್ಟು ನೀರು ಸುರಿದು, ಎದುರು ನಿಂತು, ಅದು ಎಲ್ಲಿಗೆ ಹೋಗುತ್ತದೆಂದು ನೋಡಿದಳು. ಹೊಟ್ಟೆಯನ್ನು ಅಂಚಿಗೆ ಒತ್ತಿ ನೋಡಿದಳು. ಮುಂದಿನದಕ್ಕೆ ಹೋದಳು.

“ಅಮ್ಮೋರೆ, ಕಲ್ಲಿಗೆ ಬಾಯಾರಿಕೆ ಆಗಲ್ಲ,” ಎಂದು ಕಲ್ಲಿನವನು ನಕ್ಕ.

“ಗೊತ್ತಪ್ಪ. ಆಗೋದು ನನ್ನ ಬಟ್ಟೆಗೆ. ಎಲ್ಲಾ ನೀರು ಅದೇ ಕುಡಿಯತ್ತೆ.”

ಬೂದುಬಣ್ಣದ ಕಲ್ಲಿನ ಮುಂದೆ ನಿಂತಾಗ ಅವಳ ಬಟ್ಟೆ ಒದ್ದೆಯಾಗಲಿಲ್ಲ. ಎರಡನೆಯ ಸಲ ಸುರಿದಳು. ಏರಿದ ಅಂಚಿಗೆ ಬಡಿದು ನೀರು ವಾಪಸಾಯಿತು. ಬಾಟಲಿಯನ್ನು ಪೂರ್ತಿ ಬಗ್ಗಿಸಿ, ಮೂರನೆಯ ಸಲವೂ ಸುರಿದಳು. ಆಮೇಲೆ ಮೊಣಕೈ ಮಡಚಿ, ಅದರಿಂದ ಸ್ವಲ್ಪ ಕೆಳಗೆ ಅಂಗೈ ಚಾಚಿ, “ಇಷ್ಟು ಎತ್ತರ,” ಎಂದಳು.

“ಇಷ್ಟೇನಾ? ಮನೇಲಿ ಬೇರೆಯೋರಿಗೆ ಬೆನ್ನು ಹೋಗತ್ತೆ.”

“ಬೇರೆಯೋರು ಯಾರೂ ಆ ಕಡೆ ಬರಲ್ಲ.”

“ಯಜಮಾನ್ರಿಗೆ ಒಂದ್ಸಲ ತೋರಿಸ್ತೀರಾ?”

“ಹಾಕಿಸಿ ತೋರಿಸ್ತೀನಿ.”

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಕೇಳಿದಳು: “ಅಕ್ಕ, ಭಾವ ಸುಮ್ನಿರ್ತಾರೇನೇ?”

“ಕೂಗಾಡ್ತಾರೆ. ಕೂಗಾಡ್ಲಿ. ಕೂಗಾಡಿದ್ರೆ ಕಲ್ಲು ಮೇಲೇಳಲ್ಲ.” ಅಮ್ಮ ಕಿಟಕಿಯಾಚೆ ನೋಡಿದಳು. “ನಿನಗೊಂದು ಹೇಳ್ತೀನಿ, ನಗಬೇಡ. ಹಾಲು ಉಕ್ಕೋದನ್ನ ಕಾಯ್ತಾ ನಿಂತಿರ್ತೀನಲ್ಲ, ಆಗ ದಿನಾ ಯೋಚಿಸ್ತೀನಿ: ಮನೇಲಿ ಸುತ್ತಿಗೆ ಎಲ್ಲಿದೆ?”

ಚಿಕ್ಕಮ್ಮ ನಗಲಿಲ್ಲ. ಅಮ್ಮನೇ ನಕ್ಕಳು. ಯಾವಾಗಲೂ ಬಾಯಿಗೆ ಅಡ್ಡ ಬರುತ್ತಿದ್ದ ಅವಳ ಕೈ ಆ ದಿನ ಬಾಟಲಿ ಹಿಡಿದುಕೊಂಡು ತೊಡೆಯ ಮೇಲೇ ಇತ್ತು.

*

“ವಾಪಸ್ ತಗೊಂಡು ಹೋಗು,” ಎಂದ ಅಪ್ಪ ಕಲ್ಲಿನವನಿಗೆ.

“ತಗೊಂಡು ಹೋಗಿ ಏನ್ ಮಾಡ್ಲಿ ಸಾರ್? ಅಮ್ಮೋರ ಅಳತೆಗೆ ಕೊಯ್ದಿದ್ದು. ದುಡ್ಡೂ ಮುಟ್ಟಿದೆ. ಬೇಡ ಅಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ.”

“ಎಲ್ಲಾರೂ ಸ್ವಲ್ಪ ಸಮಾಧಾನ,” ಎಂದು ಅಣ್ಣ ಎದ್ದ. ವಿಮೆ ಏಜೆಂಟನಾದ ಅವನಿಗೆ ಸಾವಿನ ಮನೆಯಲ್ಲಿ ಮಾತಾಡಿ ಅಭ್ಯಾಸವಿತ್ತು. “ಇದು ಸಮಯ ಅಲ್ಲ. ಹಿತ್ತಲಲ್ಲಿ ಇಳಿಸಲಿ. ಮುಂದೆ ನೋಡೋಣ. ಯಾರಿಗಾದ್ರೂ ಉಪಯೋಗ ಆದ್ರೆ ಕೊಟ್ಟುಬಿಡೋಣ. ಅಮ್ಮನ ಹೆಸರಲ್ಲೇ ಕೊಡೋಣ, ಬೇಕಾದ್ರೆ ಹೆಸರು ಕೆತ್ತಿಸೋಣ...”

“ಸಿಂಕಿನ ಮೇಲಾ?” ಎಂದಳು ಮಗಳು.

“ನೀನು ಸುಮ್ನಿರು ಸ್ವಲ್ಪ. ನಾನು ಎಲ್ಲರ ಒಳ್ಳೇದಕ್ಕೆ ಹೇಳ್ತಿರೋದು.”

“ಇವತ್ತೇ ಹಾಕ್ತಾರೆ ಅಣ್ಣ. ಅಮ್ಮ ಇವತ್ತು ಅಂತ ಹೇಳಿದ್ದಾಳೆ.”

“ಹಾಕಿ?” ಅಪ್ಪನ ಧ್ವನಿ ಏರಿತು. “ಹಾಕಿ ಯಾರಿಗೆ? ಆ ಎತ್ತರ ಇನ್ನು ಯಾರಿಗೆ ಬೇಕು? ಹೋದೋಳ ಅಳತೆಗೆ ಮನೆ ಕಟ್ಟೋಕಾಗತ್ತಾ? ಸ್ವಲ್ಪ ಬುದ್ಧಿ ಉಪಯೋಗಿಸು. ಇನ್ನು ಮೇಲೆ ಅಲ್ಲಿ ನಿಲ್ಲೋಳು ನೀನು. ನೀನು ನನ್ನ ಹಾಗೆ ಎತ್ತರ. ಈಗಿರೋದೇ ನಿನಗೆ ಸರಿಯಾಗತ್ತೆ.”

ಅಣ್ಣ ತನ್ನ ಉಗುರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಈ ಮಾತು ಅಪ್ಪಮಗನ ನಡುವೆ ಆಗಲೇ ಮುಗಿದಿದೆ ಎಂಬುದು ಆ ಉಗುರುಗಳಿಂದಲೇ ಮಗಳಿಗೆ ತಿಳಿಯಿತು.

“ಯಾವಾಗ ಮಾತಾಡ್ಕೊಂಡ್ರಿ?” ಎಂದು ಕೇಳಿದಳು. ಧ್ವನಿ ತಣ್ಣಗಿತ್ತು. “ಸ್ಮಶಾನಕ್ಕೆ ಹೋಗುವಾಗ್ಲಾ, ಬರುವಾಗ್ಲಾ?”

“ಅದರಲ್ಲೇನು ತಪ್ಪು? ಬಾಡಿಗೆ ದಂಡ. ಇಲ್ಲಿ ನಿನ್ನ ಕೋಣೆ ಖಾಲಿ ಇದೆ. ಅಪ್ಪನನ್ನ ಯಾರಾದ್ರೂ ನೋಡ್ಕೋಬೇಕಲ್ಲ?” ಎಂದ ಅಣ್ಣ ಉಗುರುಗಳಿಗೆ.

“ನನ್ನ ಗೋದಾಮಲ್ಲೂ ಹೀಗೇ ಮಾಡ್ತೀವಿ,” ಎಂದಳು ಮಗಳು. “ಒಬ್ಬರು ಹೋದ ತಕ್ಷಣ ಅದೇ ಜಾಗಕ್ಕೆ ಇನ್ನೊಬ್ಬರನ್ನ ನಿಲ್ಲಿಸ್ತೀವಿ, ಪಾರ್ಸೆಲ್ ಸಾಗೋ ಬೆಲ್ಟು ನಿಲ್ಲಬಾರದು ನೋಡು. ನಿಮ್ಮ ಲೆಕ್ಕದಲ್ಲಿ ಅಮ್ಮ ಸತ್ತಿಲ್ಲ ಅಪ್ಪ. ಪಾಳಿ ಬದಲಾಗಿದೆ, ಅಷ್ಟೆ.”

“ಬಾಯಿ ಮುಚ್ಚು! ಜನರ ಮುಂದೆ...”

“ಜನರೇ 'ಹೊಟ್ಟೆ ತಣ್ಣಗಿರಲಿ' ಅಂತ ಹರಸ್ತಿರೋದು. ಅವರಿಗೂ ಗೊತ್ತಾಗ್ಲಿ.”

“ತಲೆ ಮೇಲೆ ಕಲ್ಲು ಹಾಕಿದ್ರು ಅಂತಾರಲ್ಲ,” ಎಂದಳು ಚಿಕ್ಕಮ್ಮ ಕೋಟಿನವನಿಗೆ, ಹವಾಮಾನದ ಸುದ್ದಿ ಹೇಳುವವಳಂತೆ. “ನಮ್ಮಕ್ಕನಿಗೆ ಹೊಟ್ಟೆ ಮೇಲೆ ಹಾಕಿದ್ರು.”

ಅಪ್ಪ ಸರಸರನೆ ಕೋಣೆಗೆ ಹೋಗಿ ರಸಮಟ್ಟ ತಂದ. ನಿವೃತ್ತನಾದ ಮೇಲೂ ಅದನ್ನು ಪ್ರತಿ ವಾರ ಒರೆಸಿಡುತ್ತಿದ್ದ. “ಬನ್ನಿ. ಎಲ್ಲಾ ಬನ್ನಿ. ನೀವೇ ನೋಡಿ ಹೇಳಿ, ಈ ಕಲ್ಲಿಗೇನಾಗಿದೆ ಅಂತ.” ದುಃಖಕ್ಕೆ ಬಂದವರೆಲ್ಲ ತಪಾಸಣೆಯ ಸಮಿತಿಯಾಗಿ ಅಡುಗೆಮನೆಗೆ ನುಗ್ಗಿದರು. ಅಪ್ಪ ಕಪ್ಪು ಕಲ್ಲಿನ ಮೇಲೆ ರಸಮಟ್ಟ ಇಟ್ಟು, ಅದರ ಮೇಲೆ ಬಾಗಿ, ಹೊಟ್ಟೆಯನ್ನು ಅಂಚಿಗೆ ಕೊಟ್ಟು ನಿಂತ. ಗುಳ್ಳೆ ಕೊಳವೆಯ ನಟ್ಟನಡುವೆ, ಕೂದಲೆಳೆ ಅತ್ತಿತ್ತ ಇಲ್ಲದೆ, ಅಲುಗದೆ ನಿಂತಿತು.

“ಕಂಡಿತಾ? ಇಷ್ಟು ವರ್ಷ ಆದ್ರೂ! ಗುಳ್ಳೆ ಎಲ್ಲಿದೆ ಹೇಳಿ.”

“ನಡುವೆನೇ ಇದೆ,” ಎಂದ ಕೋಟಿನವನು. ನೌಕರಿಯುದ್ದಕ್ಕೂ ಹಾಗೇ ಹೇಳಿ ಅಭ್ಯಾಸ.

“ಗುಳ್ಳೆ ನಡುವೆನೇ ಇದೆ ಅಪ್ಪ,” ಎಂದಳು ಮಗಳು. “ಅದು ಯಾವತ್ತೂ ನಡುವೆನೇ ಇತ್ತು. ಅಮ್ಮ ಎಲ್ಲಿದ್ಲು, ಅದನ್ನ ನೋಡಿದ್ರಾ?”

ಚಹಾ ಕಾಸಿದ ದೊಡ್ಡ ಪಾತ್ರೆಯನ್ನು ಎತ್ತಿ ಸಿಂಕಿನೊಳಗೆ ಇಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿ, ತೊಳೆಯಲು ನಿಂತಳು. ಸಿಟ್ಟಿನಲ್ಲೇನೂ ಅಲ್ಲ; ಎಲ್ಲರ ಮನೆಯಲ್ಲಿ ತೊಳೆಯುವ ಹಾಗೇ ತೊಳೆದಳು, ತಿಕ್ಕಿ, ತಿರುಗಿಸಿ, ಜಾಲಿಸಿ. ಸಿಡಿದ ನೀರು ಕಪ್ಪು ಕಲ್ಲಿನ ಮೇಲೆ ಹರಡಿತು. ಮಿರುಗುತ್ತ ನಿಂತಿತು. ಮೆಲ್ಲನೆ, ಯಾರಿಗೂ ಅವಸರವಿಲ್ಲದ ಹಾಗೆ, ರಸಮಟ್ಟದ ಅಡಿಯಿಂದ ಹಾದು, ದುಂಡನೆಯ ಅಂಚು ಇಳಿದು, ಅಪ್ಪನ ಇಸ್ತ್ರಿ ಮಾಡಿದ ಅಂಗಿಯೊಳಗೆ ಹೋಯಿತು.

ಅಪ್ಪ ಹಿಂದಕ್ಕೆ ಹಾರಿದ. ತಣ್ಣಗಿತ್ತು. ಅವನ ಬಾಯಿಂದ ಬಂದ ಸದ್ದು ಮಾತಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುತ್ತ ನೋಡಿದಾಗ, ದರ್ಜಿಯ ಪೇಪರು ಜಾರಿತ್ತು, ಕೋಟಿನವನು ಕೋಟು ಬಿಚ್ಚಿದ್ದ. ಎಲ್ಲರ ಹೊಟ್ಟೆಯ ಮೇಲೂ ಅದೇ ಜಾಗದಲ್ಲಿ ಅದೇ ಕಲೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಅಪ್ಪನಿಗೆ ಬೈಯಲು ದಾರಿಯಾಗುತ್ತಿತ್ತು.

“ಕಲ್ಲು ಹಿಡೀತೀನಿ ಕಣಮ್ಮ,” ಎಂದ ದರ್ಜಿ ಮಗಳಿಗೆ ಮೆಲ್ಲಗೆ. “ಎಲ್ಲಿಗಿಡಬೇಕು ಹೇಳು.”

ಅಪ್ಪ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಆಮೇಲೆ ನಡೆದದ್ದೆಲ್ಲ ಕೆಲಸ. ಮಗಳು ನೀರು ನಿಲ್ಲಿಸಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದಳು. ಲಾರಿಯಲ್ಲಿ ಬಂದಿದ್ದ ಕಲ್ಲಿನವನ ಜನ ಅಂಟು ಬಿಡಿಸಿ, ಅಡಿಯ ಹಳೆಯ ಆಸರೆಗಳನ್ನು ಕಿತ್ತರು. ಕಪ್ಪು ಕಲ್ಲು ಬಾಗಿಲಲ್ಲಿ ತಿರುಗಲಿಲ್ಲ. “ಎಡಗಡೆಯೋರು ಇಳಿಸಿ, ಬಲಗಡೆ ಎತ್ತಿ, ಹಾಂ, ಈಗ ಓರೆ ಮಾಡಿ, ಓರೆ!” ಎಂದು ಮಗಳು ಗೋದಾಮಿನ ಗಂಟಲಲ್ಲಿ ಕೂಗಿದಳು. ಇಷ್ಟು ವರ್ಷ ಮಟ್ಟವಾಗಿ ಮಲಗಿದ್ದ ಕಲ್ಲು ಕೊನೆಗೂ ಓರೆಯಾಗಿ ಮನೆಯಿಂದ ಹೊರಟಿತು. ಬೀದಿಯ ಗೋಡೆಗೆ ಒರಗಿಸಿದ ಮೇಲೆ ಅಣ್ಣ ಅದರ ಮುಂದೆ ನಿಂತು ಕೆದರಿದ ಕೂದಲು ಸರಿಮಾಡಿಕೊಂಡ. ಅವನೂ ಹೊತ್ತಿದ್ದ, ಪಾಪ. ಹೊರದೆ ಇದ್ದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ.

ಹೊಸ ಕಲ್ಲು ಗಿಡ್ಡ ಕಾಲುಗಳ ಮೇಲೆ ಕೂತಿತು. ಕಲ್ಲಿನವನು ಸಿಂಕು ಇಳಿಸಿ, ಅಂಚಿಗೆ ಅಂಟು ಬಳಿದು, ನಲ್ಲಿ ತಿರುಗಿಸಿ ತೋರಿಸಿದ. ಮಗಳು ಅದರ ಮುಂದೆ ನಿಂತಳು. ಅವಳಿಗೆ ಅದು ತೊಡೆಯ ಹತ್ತಿರ ಬರುತ್ತಿತ್ತು.

“ನಿನಗಂತೂ ಆಗಲ್ಲ,” ಎಂದಳು ಚಿಕ್ಕಮ್ಮ.

“ನನಗಲ್ಲ. ನಾನು ನಾಳೆ ಬೆಳಗ್ಗೆ ಪಾಳಿಗೆ ಹೋಗಬೇಕು. ಸಂಜೆಗೇ ನನ್ನ ಕೋಣೆಗೆ ಹೊರಡ್ತೀನಿ.”

“ಮತ್ತೆ ಯಾರಿಗೇ ಇದು?”

“ಮನೇಲಿರೋರಿಗೆ.”

ಸಂಜೆಯಾಯಿತು. ಬಂದವರು ಹೋದರು. ಅಣ್ಣ ಹೊರಗೆ ಜಗಲಿಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಮಗಳು ನಡುಮನೆಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದಳು. ಆಗ ಅಪ್ಪನ ಕೋಣೆಯ ಬಾಗಿಲು ತೆರೆಯಿತು. ಅಂಗಿ ಬದಲಿಸಿದ್ದ. ಕೈಯಲ್ಲಿ ಅರ್ಧ ನೀರಿದ್ದ ಸ್ಟೀಲ್ ಲೋಟ. ಯಾರ ಕಡೆಗೂ ನೋಡದೆ ಅಡುಗೆಮನೆಗೆ ನಡೆದ. ಅಲ್ಲಿಯೂ ಏನನ್ನೂ ನೋಡಲಿಲ್ಲ. ದಿನವೂ ಬಿಡುವಂತೆ, ದಿನವೂ ಬಿಡುವ ಎತ್ತರದಲ್ಲಿ, ಲೋಟದಿಂದ ಕೈ ಬಿಟ್ಟ.

ಅಲ್ಲಿ ಕಟ್ಟೆ ಇರಲಿಲ್ಲ.

ಲೋಟ ಒಂದು ಗೇಣು ಕೆಳಗೆ ಬಿದ್ದು ಇಡೀ ಮನೆಗೆ ಕೇಳುವಂತೆ ಠಣ್ಣೆಂದಿತು, ಮಗುಚಿತು, ಉರುಳುತ್ತ ಸಿಂಕಿನೊಳಗೆ ಹೋಯಿತು. ಅಪ್ಪ ಹೊಟ್ಟೆಗೆ ಕೈ ಅಡ್ಡ ಹಿಡಿದು ಹಿಂದೆ ಸರಿದ. ಚೆಲ್ಲಿದ ನೀರು ಅಂಚಿನವರೆಗೆ ಬಂತು, ಅಲ್ಲಿ ತಡೆದು ನಿಂತಿತು, ತಿರುಗಿ ಲೋಟದ ಹಿಂದೆಯೇ ಸಿಂಕಿಗೆ ಇಳಿಯಿತು. ಒಂದು ಹನಿಯೂ ಅವನ ಕಡೆ ಬರಲಿಲ್ಲ.

“ಲೋಟ ಬಿತ್ತು,” ಎಂದ ನಡುಮನೆಗೆ ಕೇಳುವಂತೆ.

“ಕೇಳಿಸ್ತು ಭಾವ,” ಎಂದಳು ಚಿಕ್ಕಮ್ಮ. ಎದ್ದ ಸದ್ದಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆದು ಮುಚ್ಚಿಕೊಂಡಿತು. ಬೀದಿಯಲ್ಲಿ ಬೂಟಿನ ಹೆಜ್ಜೆಗಳು ದೂರವಾದವು.

ಅಪ್ಪ ನಿಂತಲ್ಲೇ ಸಿಂಕಿಗೆ ಕೈ ಚಾಚಿದ. ನಿಲುಕಲಿಲ್ಲ. ಬಗ್ಗಿದ. ಸಾಲಲಿಲ್ಲ. ಒಂದು ಕೈಯನ್ನು ಬೂದು ಕಲ್ಲಿಗೆ ಊರಿ, ಇನ್ನೂ ಬಗ್ಗಿದ.